ಪದ ಪರಿಚಯ: ವಿ.ಆರ್. ವೆಸ್ಟಿಬ್ಯುಲರ್ ರಿಹ್ಯಾಬ್

ಶಿರಸಿಯ ಮಾರಿಕಾಂಬಾ ಜಾತ್ರೆಯಲ್ಲಿ ತೊಟ್ಟಿಲು ಹತ್ತಿ ಇಳಿದವರಿಗೆ ತಲೆ ತಿರುಗುತ್ತದೆ. ಅದು ಎಲ್ಲರಿಗೂ ಆಗುವಂಥದ್ದು. ಆದರೆ ಕೆಲವರಿಗೆ ತೊಟ್ಟಿಲೇ ಬೇಡ, ಜಾತ್ರೆ ನಡೆಯುವ ಬಿಡಕಿಬೈಲಿನ ಜನಜಂಗುಳಿಯಲ್ಲಿ ಸುಮ್ನೆ ನಿಂತರೂ ಸಾಕು. ಎದುರಿಗೆ ಬರುವ ಜನ, ಮಿನುಗುವ ದೀಪ ಎಲ್ಲ ಸೇರಿ ನೆಲವೇ ಜಾರಿದ ಹಾಗಾಗುತ್ತದೆ. ಒಳಕಿವಿಗೆ ಪೆಟ್ಟು ಬಿದ್ದವರಲ್ಲಿ ಇದು ಸಾಮಾನ್ಯ. ಇಂಥವರಿಗೆ ಮಾಡಿಸುವ ಒಂದು ಬಗೆಯ ವ್ಯಾಯಾಮಕ್ಕೆ ವಿ.ಆರ್. ವೆಸ್ಟಿಬ್ಯುಲರ್ ರಿಹ್ಯಾಬ್ ಎಂದು ಹೆಸರು. ವಿ.ಆರ್. ಅಂದರೆ ವರ್ಚುವಲ್ ರಿಯಾಲಿಟಿ, ಕಂಪ್ಯೂಟರ್ ಕಟ್ಟಿಕೊಡುವ ತೋರಿಕೆಯ ಲೋಕ; ವೆಸ್ಟಿಬ್ಯುಲರ್ ಅಂದರೆ ಒಳಕಿವಿಯ ಸಮತೋಲನದ ಏರ್ಪಾಡಿಗೆ ಸೇರಿದ್ದು; ರಿಹ್ಯಾಬ್ ಅಂದರೆ ಪುನಶ್ಚೇತನ. ಕಣ್ಣು ಪೂರ್ತಿ ಮುಚ್ಚುವ ಹೆಡ್‌ಸೆಟ್ ಹಾಕಿ, ಅದರೊಳಗೆ ಕಂಪ್ಯೂಟರ್ ತೋರಿಸುವ ದೃಶ್ಯ ನೋಡುತ್ತಾ, ತಲೆ ತಿರುಗಿಸುವುದನ್ನೂ ನಿಲ್ಲುವುದನ್ನೂ ನಡೆಯುವುದನ್ನೂ ಮತ್ತೆ ರೂಢಿ ಮಾಡಿಕೊಳ್ಳುವುದು.

ಒಳಕಿವಿಗೂ ಕಣ್ಣಿಗೂ ಏನು ಸಂಬಂಧ? ಅದೇ ಇಲ್ಲಿನ ಮುಖ್ಯ ವಿಷಯ.

ಪ್ರತಿ ಒಳಕಿವಿಯಲ್ಲಿ ಅರ್ಧ ಬಳೆಯ ಆಕಾರದ 3 ನಾಳಗಳಿವೆ. ತಲೆ ಯಾವ ಕಡೆ ತಿರುಗಿತು ಎಂದು ಹೇಳುವುದು ಅವುಗಳ ಕೆಲಸ. ಪಕ್ಕದಲ್ಲೇ 2 ಪುಟ್ಟ ಚೀಲಗಳಿವೆ. ತಲೆ ಎಷ್ಟು ವಾಲಿದೆ, ಮೈ ಮುಂದೆ ಹೋಯಿತೋ ಮೇಲೆ ಹೋಯಿತೋ ಎಂಬುದನ್ನು ಅವು ಹೇಳುತ್ತವೆ. ಮಿದುಳು ಇದನ್ನಷ್ಟೇ ನಂಬಿ ಕೂರುವುದಿಲ್ಲ. ಮಳೆಗಾಲದಲ್ಲಿ ಹಳ್ಳದ ಮೇಲಿನ ಕಾಲುಸಂಕ ದಾಟುವಾಗ ನೋಡಿ: ಕಣ್ಣು ಆಚೆ ದಡದ ಮೇಲೆ, ಪಾದಕ್ಕೆ ಮರದ ದಿಮ್ಮಿಯ ಸ್ಪರ್ಶ, ಕಿವಿಯಿಂದ ವಾಲುವಿಕೆಯ ಸುದ್ದಿ. ಮೂರೂ ಒಂದೇ ಮಾತು ಹೇಳಿದರೆ ದಾಟುವುದು ಸಲೀಸು.

ಇದರ ಜೊತೆ ಇನ್ನೊಂದು ಏರ್ಪಾಡೂ ಇದೆ. ತಲೆ ಬಲಕ್ಕೆ ತಿರುಗಿದರೆ ಕಣ್ಣುಗುಡ್ಡೆ ಅಷ್ಟೇ ಎಡಕ್ಕೆ ಸರಿಯುತ್ತದೆ. ಕಿವಿಯ ಸಂದೇಶಕ್ಕೆ ಕಣ್ಣು ಓಗೊಡಲು ಸುಮಾರು 10 ಮಿಲಿಸೆಕೆಂಡ್ ಸಾಕು. ಹಾಗಾಗಿಯೇ ನಡೆಯುತ್ತಲೇ ಅಂಗಡಿಯ ಬೋರ್ಡು ಓದಬಹುದು. ಒಂದು ಕಿವಿಯ ಸಮತೋಲನದ ನರಕ್ಕೆ ಊತ ಬಂದರೆ ಈ ಲೆಕ್ಕ ತಪ್ಪುತ್ತದೆ. ಒಂದು ಕಿವಿ 'ತಿರುಗಿದೆವು' ಅನ್ನುತ್ತದೆ, ಇನ್ನೊಂದು ಸುಮ್ಮನಿರುತ್ತದೆ. ತಲೆ ತಿರುಗಿಸಿದಾಗೆಲ್ಲ ಬೋರ್ಡಿನ ಅಕ್ಷರ ಕಲಸಿಹೋಗುತ್ತದೆ.

ಹಾಳಾದ ನರ ಪೂರ್ತಿ ಸರಿಹೋಗದೆ ಇರಬಹುದು. ಆದರೆ ಮಿದುಳು ಹೊಸ ಲೆಕ್ಕ ಕಲಿಯುತ್ತದೆ. ಅದಕ್ಕೆ ಒಂದು ಶರತ್ತು: ತಪ್ಪು ಅದರ ಕಣ್ಣಿಗೆ ಬೀಳಬೇಕು. ಅಕ್ಷರ ಕಲಸಬೇಕು, ಸ್ವಲ್ಪ ತಲೆ ತಿರುಗಬೇಕು, ಆಗಲೇ ತಿದ್ದಿಕೊಳ್ಳುವ ಕೆಲಸ ಶುರು. ನಾವು ಮಾಡುವುದು ಇದಕ್ಕೆ ಉಲ್ಟಾ ಅಲ್ವಾ? ತಲೆ ಅಲುಗಿಸದೆ ಮಲಗುತ್ತೇವೆ, ತೋಟಕ್ಕೆ ಹೋಗುವುದು ಬಿಡುತ್ತೇವೆ, ಮನೆಯವರೂ 'ಏಳಬೇಡ, ಮಲಗಿರು' ಅನ್ನುತ್ತಾರೆ. ಮೊದಲ ಒಂದೆರಡು ದಿನ ವಾಂತಿ ಜೋರಾಗಿದ್ದಾಗ ಅದು ಸರಿ. ಆಮೇಲೂ ಹಾಗೇ ಮಲಗಿದರೆ ಮಿದುಳಿಗೆ ಪಾಠವೇ ಸಿಗುವುದಿಲ್ಲ. ತಲೆಸುತ್ತು ಅಡಗಿಸುವ ಕೆಲವು ಮಾತ್ರೆಗಳನ್ನು ವಾರಗಟ್ಟಲೆ ನುಂಗಿದರೂ ಈ ಕಲಿಕೆ ನಿಧಾನವಾಗುತ್ತದೆ. 1940ರ ದಶಕದಲ್ಲೇ ಇಂಗ್ಲೆಂಡಿನ ಕಾಥೋರ್ನ್ ಮತ್ತು ಕುಕ್ಸಿ ಎಂಬ ವೈದ್ಯರು ಇಂಥ ರೋಗಿಗಳಿಗೆ ವ್ಯಾಯಾಮ ಹೊಂದಿಸಿದ್ದರು. ಇಂದಿಗೂ ಅವರ ಹೆಸರಲ್ಲೇ ಅದನ್ನು ಕಲಿಸುತ್ತಾರೆ.

ಹಾಗಾದರೆ ವಿ.ಆರ್. ಯಾಕೆ? ಅಳತೆಗಾಗಿ. ತಲೆಸುತ್ತು ಬರಿಸುವ ಜಾಗಗಳಿಗೆ ನಮ್ಮ ಜಿಲ್ಲೆಯಲ್ಲಿ ಕೊರತೆಯಿಲ್ಲ. ದೇವಿಮನೆ ಘಟ್ಟದ ತಿರುವುಗಳಿವೆ, ತದಡಿಯಲ್ಲಿ ಹೊಯ್ದಾಡುವ ದೋಣಿಗಳಿವೆ. ಆದರೆ ಘಟ್ಟಕ್ಕೆ 'ಇವತ್ತು ಎರಡೇ ತಿರುವು ಸಾಕು' ಅನ್ನಲು ಬರುವುದಿಲ್ಲ. ಹೆಡ್‌ಸೆಟ್‌ನಲ್ಲಿ ಬರುತ್ತದೆ. ಮೊದಲು ಕುರ್ಚಿಯಲ್ಲಿ ಕೂತು, ಖಾಲಿ ಕೋಣೆಯಲ್ಲಿ ಒಂದೇ ಚುಕ್ಕಿ ನೋಡುತ್ತಾ ತಲೆ ಆಡಿಸುವುದು. ಆಮೇಲೆ ನಿಂತು. ಆಮೇಲೆ ಮೆತ್ತನೆಯ ಸ್ಪಂಜಿನ ಮೇಲೆ ನಿಂತು, ಪಾದದ ಸುದ್ದಿಯೂ ಮಸುಕಾಗುವಂತೆ. ಹಿನ್ನೆಲೆಯಲ್ಲಿ ಪಟ್ಟೆಗಳು ಸರಿಯತೊಡಗುತ್ತವೆ, ಕೊನೆಗೆ ಜನ ತುಂಬಿದ ರಸ್ತೆ ಬರುತ್ತದೆ. ವೇಗ, ಗದ್ದಲ ಎಲ್ಲ ಫಿಸಿಯೋಥೆರಪಿಸ್ಟ್ ಕೈಯಲ್ಲಿ. ತಲೆಸುತ್ತು ಸ್ವಲ್ಪ ಏರಿ 15–20 ನಿಮಿಷದಲ್ಲಿ ಇಳಿದರೆ ಅಳತೆ ಸರಿ. ಸಂಜೆಯವರೆಗೂ ಕಾಡಿದರೆ ಜಾಸ್ತಿ ಆಯಿತು ಎಂದರ್ಥ. ಕಿವಿ ಸರಿಯಿದ್ದವರಿಗೂ ಹೆಡ್‌ಸೆಟ್‌ನಿಂದ ಹೊಟ್ಟೆ ತೊಳಸುವುದುಂಟು.

ನನಗನಿಸುವಂತೆ ಇದರ ನಿಜವಾದ ಉಪಯೋಗ, ಕಿವಿ ಕೈಕೊಟ್ಟ ಮೇಲೆ ಕಣ್ಣನ್ನೇ ಅತಿಯಾಗಿ ನಂಬಿಕೊಂಡವರಿಗೆ. ಜಾತ್ರೆಯಲ್ಲಿ ತತ್ತರಿಸುವವರು ಅವರೇ. ಉಳಿದವರಿಗೆ ಸಾದಾ ವ್ಯಾಯಾಮವೇ ಬಹಳ ಮಟ್ಟಿಗೆ ಸಾಕು: ಕೈ ಚಾಚಿ ಹೆಬ್ಬೆರಳು ನೋಡುತ್ತಾ ತಲೆಯನ್ನು ಎಡಕ್ಕೂ ಬಲಕ್ಕೂ ಆಡಿಸುವುದು, ಉಗುರು ಮಸುಕಾಗದಷ್ಟು ವೇಗದಲ್ಲಿ. ಕಾಸು ಖರ್ಚಿಲ್ಲ.

ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ ಮಾತ್ರ ಗಿರ್ ಎಂದು ತಿರುಗಿ, ಒಂದು ನಿಮಿಷದೊಳಗೆ ನಿಲ್ಲುತ್ತದೆಯೇ? ಅದು ಬಹುಪಾಲು ಕಿವಿಯೊಳಗಿನ ಸುಣ್ಣದ ಹರಳು ಜಾರಿ ನಾಳಕ್ಕೆ ಸೇರಿದ್ದು. ಅದಕ್ಕೆ ವಿ.ಆರ್. ಬೇಡ. ಡಾಕ್ಟರು ತಲೆಯನ್ನು ಕ್ರಮವಾಗಿ ಹೊರಳಿಸಿ ಹರಳನ್ನು ಜಾಗಕ್ಕೆ ಕಳಿಸುತ್ತಾರೆ. ಅಮೆರಿಕದ ಜಾನ್ ಎಪ್ಲಿ ರೂಪಿಸಿದ ವಿಧಾನ ಅದು, ಎಷ್ಟೋ ಸಲ ಒಂದೇ ಭೇಟಿಯಲ್ಲಿ ಗುಣ ಸಿಗುತ್ತದೆ. ತಲೆಸುತ್ತಿನ ಜೊತೆ ಮಾತು ತೊದಲಿದರೆ, ಒಂದು ವಸ್ತು ಎರಡಾಗಿ ಕಂಡರೆ, ಕೈಕಾಲು ಸೋತರೆ ಅದು ಕಿವಿಯ ಕತೆಯಲ್ಲ, ಪಾರ್ಶ್ವವಾಯು ಇರಬಹುದು. ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಅಂಗಡಿಯಿಂದ ಹೆಡ್‌ಸೆಟ್ ತಂದು ಮನೆಯಲ್ಲಿ ಒಬ್ಬರೇ ನಿಂತು ಪ್ರಯೋಗ ಮಾಡುವುದು ಬೇಡ, ಬಿದ್ದು ಸೊಂಟ ಮುರಿದುಕೊಂಡವರಿಗೆ ಕಿವಿಯ ಚಿಂತೆ ಆಮೇಲಿನದು. ಆಸ್ಪತ್ರೆಯಲ್ಲಿ ಮಾಡಿಸಿಕೊಂಡರೂ ಆ ದಿನ ಬೈಕ್ ಬಿಟ್ಟು ಬಸ್ಸಿಗೆ ಬನ್ನಿ, ಕಿಟಕಿ ಪಕ್ಕದ ಸೀಟು ಹಿಡಿಯಿರಿ.