ಮಂತ್ರ ಇರುವ ಲೋಕದಲ್ಲಿ ಬಂದೂಕು ಇರಬಹುದಾ?

ಪ್ರಶ್ನೆ: ನಾನೊಂದು ಫ್ಯಾಂಟಸಿ ಕಾದಂಬರಿ ಬರೆಯುತ್ತಿದ್ದೇನೆ. ರಾಜರು, ಕೋಟೆ, ಮಂತ್ರವಾದಿಗಳು ಎಲ್ಲ ಇದ್ದಾರೆ. ಅಲ್ಲಿಗೆ ಬಂದೂಕು, ಅಚ್ಚುಯಂತ್ರ, ಗಡಿಯಾರ ತಂದರೆ ಸೊಗಸು ಹೋಗಿಬಿಡುತ್ತಾ? ತಂತ್ರಜ್ಞಾನ ಎಷ್ಟಿದ್ದರೆ ಸರಿ?

ಉತ್ತರ: ಹೋಗುವುದಿಲ್ಲ, ಧೈರ್ಯವಾಗಿ ತನ್ನಿ. ಕತ್ತಿ ಇರುವ ಕಾಲದಲ್ಲಿ ಬಂದೂಕು ಇರಬಾರದು ಅನ್ನುವ ಭಾವನೆ ನಮ್ಮಲ್ಲಿ ಹೇಗೋ ಕೂತುಬಿಟ್ಟಿದೆ. ಚರಿತ್ರೆ ಹಾಗೆ ನಡೆದೇ ಇಲ್ಲ. 1520ರ ರಾಯಚೂರು ಯುದ್ಧವನ್ನೇ ನೋಡಿ. ಕೃಷ್ಣದೇವರಾಯನ ಸೈನ್ಯದಲ್ಲಿ ಆನೆ, ಕುದುರೆ, ಬಿಲ್ಲುಗಾರರು ಇದ್ದರು. ಬಿಜಾಪುರದ ಸುಲ್ತಾನನ ಕಡೆ ಫಿರಂಗಿಗಳಿದ್ದವು. ಕೋಟೆಯ ಗೋಡೆ ಮೇಲೆ ತಲೆ ಎತ್ತಿದವರನ್ನು ಗುರಿಯಿಟ್ಟು ಹೊಡೆದವರು ರಾಯನ ಜೊತೆಗಿದ್ದ ಪೋರ್ಚುಗೀಸ್ ಬಂದೂಕುಗಾರರು. ಬಾಣವೂ ಗುಂಡೂ ಒಂದೇ ಯುದ್ಧದಲ್ಲಿ ಹಾರಾಡಿದವು.

ಹಾಗಾಗಿ 'ಎಷ್ಟು' ಅನ್ನುವುದಕ್ಕಿಂತ, ತಂದ ವಸ್ತುವಿಗೆ ಆ ಲೋಕದಲ್ಲಿ ಬೇರು ಇದೆಯಾ ಅಂತ ಕೇಳಿಕೊಳ್ಳಿ. ನನಗೆ ಇದು ಚೆನ್ನಾಗಿ ಅರ್ಥವಾಗಿದ್ದು ಒಂದು ಬಾವಿಯ ಸುದ್ದಿಯಿಂದ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನ ನಗರ ಎಂಬ ಊರಲ್ಲಿ ಹಳೇ ಬಾವಿಯೊಂದನ್ನು ಅಗೆದಾಗ ಕಬ್ಬಿಣದ ರಾಕೆಟ್‌ಗಳು ಸಿಕ್ಕವು, ಸಾವಿರಕ್ಕೂ ಜಾಸ್ತಿ. ಟಿಪ್ಪು ಕಾಲದವು. ಗೇಣುದ್ದದ ತುಕ್ಕು ಹಿಡಿದ ಕೊಳವೆಗಳು. ಬಾವಿಯ ಕೆಸರಿಗೆ ಆಗಲೂ ಮದ್ದಿನ ವಾಸನೆ ಇತ್ತಂತೆ.

ಅಂಥ ಒಂದು ಕೊಳವೆಯನ್ನು ಕೈಗೆತ್ತಿಕೊಂಡ ಹಾಗೆ ಯೋಚಿಸಿ. ಕೊಳವೆ ಕಬ್ಬಿಣದ್ದು. ರಟ್ಟಿನ ಕೊಳವೆಯಾದರೆ ಒಳಗಿನ ಒತ್ತಡಕ್ಕೆ ಒಡೆದುಹೋಗುತ್ತದೆ, ಕಬ್ಬಿಣ ತಡೆದುಕೊಳ್ಳುತ್ತದೆ. ಅದಕ್ಕೇ ಮೈಸೂರಿನ ರಾಕೆಟ್‌ಗಳು ಅಷ್ಟು ದೂರ ಹಾರುತ್ತಿದ್ದವು. ಆದರೆ ಕಬ್ಬಿಣ ಸುಮ್ನೆ ಬರುವುದಿಲ್ಲ. ಅದಿರು ಬೇಕು. ಅದಿರು ಕರಗಿಸಲು ರಾಶಿ ರಾಶಿ ಇದ್ದಲು ಬೇಕು, ಇದ್ದಲಿಗೆ ಕಾಡು ಕಡಿಯಬೇಕು. ಕುಲುಮೆಯ ಮುಂದೆ ಕೂತು ತಿದಿ ಒತ್ತುವವರು ಬೇಕು. ಹಾರುವಾಗ ದಿಕ್ಕು ತಪ್ಪದಿರಲು ಕೊಳವೆಗೆ ಉದ್ದನೆಯ ಬಿದಿರು ಕಟ್ಟಬೇಕು. ಒಳಗಿನ ಮದ್ದಿಗೆ ಇದ್ದಲು, ಗಂಧಕ, ಪೆಟ್ಲುಪ್ಪು ಬೇಕು. ಈ ಪೆಟ್ಲುಪ್ಪಿನ ಕಥೆ ನನಗೆ ತುಂಬಾ ಇಷ್ಟ. ದನ ಕಟ್ಟುವ ಜಾಗದ ಮಣ್ಣು, ಹಳೇ ಗೋಡೆ ಬುಡದ ಮಣ್ಣು ಕೆರೆದು ತಂದು, ನೀರಲ್ಲಿ ಕಲಸಿ, ಸೋಸಿ, ಆ ನೀರನ್ನು ಕುದಿಸಿ ಉಪ್ಪು ತೆಗೆಯುತ್ತಿದ್ದರು. ಅಂದರೆ ರಾಜನ ಆಯುಧ ಹಳ್ಳಿಯ ಕೊಟ್ಟಿಗೆಯಿಂದ ಶುರುವಾಗುತ್ತದೆ.

ನೋಡಿ, ಒಂದು ರಾಕೆಟ್‌ನ ಹಿಂದೆ ಹೋದರೆ ಕಾಡು, ಕಮ್ಮಾರ, ಕೊಟ್ಟಿಗೆ, ಗಂಧಕ ತರುವ ವ್ಯಾಪಾರಿ ಎಲ್ಲರೂ ಸಿಗುತ್ತಾರೆ. ನಿಮ್ಮ ಕಥೆಯಲ್ಲಿ ಗಂಧಕದ ದಾರಿಯನ್ನು ಶತ್ರು ಹಿಡಿದರೆ ಏನಾಗುತ್ತದೆ? ಅರಮನೆಯ ಆಳು ಮಣ್ಣು ಕೆರೆಯಲು ಬಂದಾಗ ಕೊಟ್ಟಿಗೆಯ ಒಡತಿ ಬಾಗಿಲು ಹಾಕಿಕೊಂಡರೆ? ಕಥೆ ಅಲ್ಲೇ ಹುಟ್ಟುತ್ತದೆ.

ಇನ್ನು ಮಂತ್ರ. ಹೆಚ್ಚಿನವರು ಎಡವುವುದು ಇಲ್ಲೇ ಅಂತ ನನಗನಿಸುತ್ತದೆ. ಯಂತ್ರಕ್ಕೆ ಲೆಕ್ಕ ಇಡುತ್ತಾರೆ, ಮಂತ್ರಕ್ಕೆ ಇಡುವುದಿಲ್ಲ. ಒಂದು ಮಾತು ಹೇಳಿದರೆ ಬೆಳಕಾಗುವ ಮಂತ್ರವನ್ನು ಊರಿನ ಎಲ್ಲರೂ ಕಲಿತರು ಅಂತಿಟ್ಟುಕೊಳ್ಳಿ. ಆಗ ದೀಪದೆಣ್ಣೆ ಯಾರಿಗೆ ಬೇಕು? ಗಾಣಿಗನ ಎತ್ತು ಗಾಣ ಸುತ್ತುವುದು ಕಡಿಮೆಯಾಗುತ್ತದೆ. ಎಣ್ಣೆ ಕಡಿಮೆಯಾದರೆ ಹಿಂಡಿ ಕಡಿಮೆ, ಹಿಂಡಿ ಕಡಿಮೆಯಾದರೆ ದನಕ್ಕೆ ಮೇವಿನ ಕೊರತೆ. ಹುಚ್ಚೆಳ್ಳು ಬೆಳೆಯುತ್ತಿದ್ದ ರೈತ ಬೇರೆ ಬೆಳೆ ಹುಡುಕುತ್ತಾನೆ. ರಾತ್ರಿಯೂ ಬೆಳಕಿದೆ ಅಂತ ಯಜಮಾನ ಕೂಲಿಯವರನ್ನು ಹೊತ್ತು ಮುಳುಗಿದ ಮೇಲೂ ಬಿಡುವುದಿಲ್ಲ. ಅದೇ ಮಂತ್ರ ನಾಲ್ಕು ಮನೆತನಕ್ಕೆ ಮಾತ್ರ ಗೊತ್ತಿದ್ದರೆ ಅದು ಬೇರೆಯೇ ಲೋಕ, ಅಲ್ವಾ? ಅಲ್ಲಿ ಗಾಣ ತಿರುಗುತ್ತಲೇ ಇರುತ್ತದೆ, ಆ ನಾಲ್ಕು ಮನೆಗಳ ಕಿಟಕಿ ಮಾತ್ರ ರಾತ್ರಿಯಿಡೀ ಬೆಳಗುತ್ತಿರುತ್ತವೆ.

ಅಚ್ಚುಯಂತ್ರವನ್ನು ಮಾತ್ರ ಬಹಳ ಯೋಚಿಸಿ ತನ್ನಿ. ಬಂದೂಕಿಗಿಂತ ಅದು ನಿಮ್ಮ ಲೋಕವನ್ನು ಜಾಸ್ತಿ ಅಲುಗಾಡಿಸುತ್ತದೆ. ಓಲೆಗರಿಯಲ್ಲಿ ಬರೆಯುವುದು ಹೇಗಿತ್ತು ನೆನೆಸಿಕೊಳ್ಳಿ. ಕಂಟ ಎಂಬ ಕಬ್ಬಿಣದ ಮೊನಚು ಕಡ್ಡಿಯಿಂದ ಗರಿಯ ಮೇಲೆ ಅಕ್ಷರ ಕೊರೆಯಬೇಕು. ಕೊರೆದಾಗ ಏನೂ ಸರಿಯಾಗಿ ಕಾಣುವುದಿಲ್ಲ. ಆಮೇಲೆ ಮಸಿ ಸವರಿ ಒರೆಸಿದರೆ, ಗೀರಿನೊಳಗೆ ಮಸಿ ಉಳಿದು ಅಕ್ಷರ ಕಪ್ಪಗೆ ಎದ್ದು ಬರುತ್ತದೆ. ಗರಿಗೆ ಹುಳು ಹಿಡಿದರೆ ಮತ್ತೊಬ್ಬರು ಕೂತು ಪ್ರತಿ ಮಾಡಬೇಕು. ಆಗ ಒಂದು ಅಕ್ಷರ ತಪ್ಪಿದರೆ? ಕಾವ್ಯದಲ್ಲಾದರೆ ಪಾಠಾಂತರ, ಮಂತ್ರದಲ್ಲಾದರೆ ಯಾರದೋ ಪ್ರಾಣ. ಹಾಗಾಗಿ ಅಂಥ ಲೋಕದಲ್ಲಿ ಪ್ರತಿಕಾರನಿಗೆ ತುಂಬಾ ಬೆಲೆ ಇರುತ್ತದೆ. ಅಚ್ಚುಯಂತ್ರ ಬಂದರೆ ಅವನ ಕೆಲಸ ಹೋಗುತ್ತದೆ, ಗುರುವಿನ ಮನೆಯಲ್ಲಿ ಹನ್ನೆರಡು ವರ್ಷ ಕಾಯಬೇಕಿದ್ದ ಮಂತ್ರ ಸಂತೆಯಲ್ಲಿ ಕಾಸಿಗೆ ಸಿಗುತ್ತದೆ. ಅಚ್ಚಿನ ಮೊಳೆ ಜೋಡಿಸುವವನು ಒಂದು ಒತ್ತಕ್ಷರ ಬಿಟ್ಟರೆ ಅದೇ ತಪ್ಪು ಸಾವಿರ ಮನೆಗೆ ಹೋಗುತ್ತದೆ.

ಗಡಿಯಾರದ ಬಗ್ಗೆ ಹೇಳುವುದು ಕಡಿಮೆ. ಅದು ಇಲ್ಲದಿದ್ದರೆ 'ಐದು ನಿಮಿಷ ಬಿಟ್ಟು ಬಾ' ಅಂತ ನಿಮ್ಮ ಸೇನಾಪತಿ ಹೇಳಬಾರದು, ಅಷ್ಟೇ. ನಮ್ಮಲ್ಲಿ ಗಳಿಗೆ ಬಟ್ಟಲು ಇತ್ತು. ತಳದಲ್ಲಿ ಸಣ್ಣ ತೂತಿರುವ ಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟರೆ 24 ನಿಮಿಷಕ್ಕೆ ತುಂಬಿ ಮುಳುಗುತ್ತದೆ. ಅದೇ ಒಂದು ಗಳಿಗೆ, ದಿನಕ್ಕೆ 60. ಬಟ್ಟಲು ಮುಳುಗುವುದನ್ನೇ ನೋಡುತ್ತ ಕೂತವನು ಇರುವ ಲೋಕಕ್ಕೂ ಗೋಡೆ ಗಡಿಯಾರ ಇರುವ ಲೋಕಕ್ಕೂ ಮಾತಿನ ನಡೆಯೇ ಬೇರೆ. ಇದನ್ನು ಭಾಷೆಯಲ್ಲೂ ಕಾಯ್ದುಕೊಳ್ಳಿ. ಬಂದೂಕು ಇಲ್ಲದ ಊರಲ್ಲಿ ಯಾರೂ 'ಗುಂಡಿನ ಹಾಗೆ ಓಡಿದ' ಅನ್ನುವುದಿಲ್ಲ. ಬೆಂಕಿಪೊಟ್ಟಣ ಇಲ್ಲದ ಅಡುಗೆಮನೆಯಲ್ಲಿ ರಾತ್ರಿ ಕೆಂಡವನ್ನು ಬೂದಿಯಲ್ಲಿ ಮುಚ್ಚಿಡುತ್ತಾರೆ, ಆರಿಹೋದರೆ ಪಕ್ಕದ ಮನೆಗೆ ಬೆಂಕಿ ಕೇಳಲು ಹೋಗುತ್ತಾರೆ.

ನಿಮ್ಮ ಕಾದಂಬರಿಗೆ ಬಂದರೆ, ಮೂರನ್ನೂ ಒಟ್ಟಿಗೆ ತರಬೇಡಿ, ಮೊದಲು ಬಂದೂಕು ಸಾಕು. ಅದಕ್ಕೆ ಮದ್ದು ಯಾವ ಊರಿಂದ ಬರುತ್ತದೆ, ಆ ಊರಿನ ಮಂತ್ರವಾದಿಗೆ ಅದನ್ನು ನೋಡಿದಾಗ ಭಯವಾಗುತ್ತದಾ, ಆಸೆಯಾಗುತ್ತದಾ? ಇಷ್ಟನ್ನು ಒಂದು ಪುಟದಲ್ಲಿ ಬರೆದಿಟ್ಟುಕೊಂಡು ಆಮೇಲೆ ಮೊದಲ ಅಧ್ಯಾಯಕ್ಕೆ ಕೈ ಹಾಕಿ.