ಡ್ರಾಪ್ಡ್ ಸ್ಟಿಚ್: ಕಡ್ಡಿಯಿಂದ ಜಾರಿದ ಕುಣಿಕೆ

ಹೆಣೆಯುವಾಗ ಕಡ್ಡಿಯಿಂದ ಕಳಚಿಕೊಂಡು, ಮುಂದಿನ ಸಾಲಿನಲ್ಲಿ ಹೆಣೆಯದೇ ಉಳಿದ ಕುಣಿಕೆಯೇ ಡ್ರಾಪ್ಡ್ ಸ್ಟಿಚ್. ನಿಟ್ಟಿಂಗ್‌ನಲ್ಲಿ ಪ್ರತಿ ಕುಣಿಕೆಯನ್ನೂ ಅದರ ಮೇಲಿನದು ಹಿಡಿದಿರುತ್ತದೆ. ಮೇಲಿನದು ಜಾರಿದರೆ ಅದರ ಕೆಳಗಿನದೂ ಬಿಚ್ಚುತ್ತದೆ, ಹೀಗೆ ಸಾಲಿಗೊಂದು ಅಡ್ಡ ಎಳೆ ಬಿಟ್ಟು ಏಣಿಯಂಥ ಗೆರೆ ಇಳಿಯುತ್ತದೆ. ಒರಟಾದ ಉಣ್ಣೆ ನೂಲು ಒಂದಿಷ್ಟು ತಡೆದು ನಿಲ್ಲುತ್ತದೆ. ನುಣುಪಾದ ಹತ್ತಿ, ರೇಷ್ಮೆ ನೂಲುಗಳು ಸರಸರನೆ ಬಿಚ್ಚುತ್ತವೆ.

ಎಣಿಸಿದರೆ ಸಿಕ್ಕಿಬೀಳುತ್ತದೆ: 40 ಇರಬೇಕಾದಲ್ಲಿ 39. ಎರಡು ಕುಣಿಕೆ ಒಟ್ಟಿಗೆ ಹೆಣೆದಿದ್ದರೂ 39 ಬರುತ್ತದೆ, ಆದರೆ ಆಗ ಏಣಿ ಇರುವುದಿಲ್ಲ. 41 ಬಂದು ಪುಟ್ಟ ತೂತು ಕಂಡರೆ ಅದು ನೂಲು ಕಡ್ಡಿಯ ಮೇಲೆ ಸುಮ್ಮನೆ ಸುತ್ತಿಕೊಂಡ ತಪ್ಪು, ಬೇರೆಯೇ ಕಥೆ.

ಜಾರಿದ್ದು ಕಂಡ ಕೂಡಲೇ ಅಗಲಕ್ಕೆ ಎಳೆದು ನೋಡಬೇಡಿ. ಕುಣಿಕೆಗೆ ಒಂದು ಸೇಫ್ಟಿ ಪಿನ್ ಹಾಕಿ, ಅದರ ಮೇಲಿನ ಜಾಗದವರೆಗೆ ಹೆಣೆದುಕೊಂಡು ಬನ್ನಿ. 4 ಮಿ.ಮೀ. ಕಡ್ಡಿಯ ಕೆಲಸಕ್ಕೆ 3.5 ಮಿ.ಮೀ. ಕ್ರೋಶಾ ಕಡ್ಡಿ ಸಾಕು. ನಿಟ್ ಮುಖ, ಅಂದರೆ ಕುಣಿಕೆಗಳು V ಆಕಾರದಲ್ಲಿ ಕಾಣುವ ಬದಿ, ನಿಮ್ಮ ಕಡೆಗಿರಲಿ. ಕ್ರೋಶಾ ಕಡ್ಡಿಯನ್ನು ಕುಣಿಕೆಯೊಳಗೆ ಮುಂದಿನಿಂದ ಹಿಂದಕ್ಕೆ ತೂರಿಸಿ, ಎಲ್ಲಕ್ಕಿಂತ ಕೆಳಗಿನ ಅಡ್ಡ ಎಳೆಯನ್ನು ಹಿಡಿದು ಮುಂದಕ್ಕೆ ಎಳೆಯಿರಿ. ಒಂದು ಎಳೆಯನ್ನೂ ಬಿಡದೆ ಹೀಗೆ ಮೇಲೇರಿ. ಕೊನೆಗೆ ಎಡಗಡ್ಡಿಗೆ ಹಾಕುವಾಗ ಕುಣಿಕೆಯ ಬಲಗಾಲು, ಅಂದರೆ ಬಲಬದಿಯ ಎಳೆ, ಕಡ್ಡಿಯ ಮುಂದಿರಬೇಕು, ಇಲ್ಲದಿದ್ದರೆ ಹೊಲಿಗೆ ತಿರುಚುತ್ತದೆ. ಎಲ್ಲ ಸಾಲನ್ನೂ ನಿಟ್ ಆಗಿಯೇ ಹೆಣೆಯುವ ಗಾರ್ಟರ್ ಹೆಣಿಗೆಯಾದರೆ ಪ್ರತಿ ಎಳೆಗೂ ಬಟ್ಟೆಯನ್ನು ತಿರುಗಿಸಿ ಎತ್ತಬೇಕು. ಬೇಸರದ ಕೆಲಸ, ಅಡ್ಡದಾರಿ ಹಿಡಿದರೆ ಆ ಗೆರೆ ಎದ್ದು ಕಾಣುತ್ತದೆ.

ಹೆಚ್ಚಿನವರು ಎಡವುವುದು ಇಲ್ಲಿ: ಹತ್ತು ಸಾಲಿನ ಕೆಳಗೆ ಜಾರಿದ ಕುಣಿಕೆ ಬಿಚ್ಚದೆ ಅಲ್ಲೇ ಅಂಟಿಕೊಂಡಿದ್ದರೆ, ಮೇಲಿನ ಸಾಲುಗಳನ್ನು ಒಂದು ಹೊಲಿಗೆ ಕಡಿಮೆಯಲ್ಲೇ ಹೆಣೆದಿರುತ್ತೀರಿ. ಅದರ ಪಾಲಿನ ನೂಲೇ ಅಲ್ಲಿಲ್ಲ. ಪಕ್ಕದ ಹೊಲಿಗೆಗಳ ನಡುವಿನ ಎಳೆಗಳನ್ನು ಕದ್ದು ಮೇಲೆತ್ತಿದರೆ ಬಟ್ಟೆ ಅಲ್ಲಿ ಬಿಗಿದು ಸುಕ್ಕಾಗುತ್ತದೆ. ಸ್ವೆಟರಿನ ಎದುರುಭಾಗವಾದರೆ ಅಲ್ಲಿಯವರೆಗೆ ಬಿಚ್ಚಿ ಹೆಣೆಯುವುದೇ ಸರಿ. ಮಫ್ಲರಿನಂಥದ್ದಾದರೆ ಅದೇ ಬಣ್ಣದ ತುಂಡು ನೂಲನ್ನು ಕುಣಿಕೆಯಲ್ಲಿ ಪೋಣಿಸಿ ಹಿಂಬದಿಗೆ ಕಟ್ಟಿ, ಕಡಿಮೆಯಾದ ಒಂದು ಹೊಲಿಗೆಯನ್ನು ಮುಂದಿನ ಸಾಲಿನಲ್ಲಿ ಹೆಚ್ಚಿಸಿಕೊಳ್ಳಿ.

ತೂತುಗಳ ವಿನ್ಯಾಸವಿರುವ ಲೇಸ್ ಹೆಣಿಗೆಯಲ್ಲಿ ಹೀಗೆ ಏಣಿ ಹತ್ತಿ ಸರಿಪಡಿಸುವುದು ಕಷ್ಟ. ಅದಕ್ಕೇ ಕೆಲವು ಸಾಲಿಗೊಮ್ಮೆ ಕಡ್ಡಿಯ ಮೇಲಿನ ಎಲ್ಲ ಕುಣಿಕೆಗಳಲ್ಲೂ ನುಣುಪಾದ ಹತ್ತಿ ದಾರ ಪೋಣಿಸಿಡುತ್ತಾರೆ. ಇದೇ ಲೈಫ್‌ಲೈನ್, ಬಿಚ್ಚಿದರೂ ಅದರ ಕೆಳಗೆ ಇಳಿಯುವುದಿಲ್ಲ.