ಎಂಜಿಬಿ ಥ್ರಾಟಲ್ ಲಿಂಕೇಜ್: ಪಿನ್ನಿಗೆ ಚೂರು ಪ್ಲೇ ಇರಲೇಬೇಕು

ಹಳೆಯ ಎಂಜಿಬಿ (ಬ್ರಿಟಿಷ್ ಸ್ಪೋರ್ಟ್ಸ್ ಕಾರು) ಐಡಲ್‌ನಲ್ಲಿ, ಅಂದರೆ ಪೆಡಲ್ ತುಳಿಯದೆ ಎಂಜಿನ್ ಓಡುವಾಗ, ಸರಿಯಾಗಿ ನಿಲ್ಲದಿದ್ದರೆ ಬಹಳ ಜನ ಮೊದಲು ಕೈ ಹಾಕುವುದು ಪೆಟ್ರೋಲ್-ಗಾಳಿ ಮಿಶ್ರಣ ಹೊಂದಿಸುವ ಮಿಕ್ಸ್ಚರ್ ನಟ್ಟಿಗೆ. ಅದಕ್ಕೂ ಮುಂಚೆ ನೋಡಬೇಕಾದದ್ದು ಎರಡು ಕಾರ್ಬ್ಯುರೇಟರ್‌ಗಳನ್ನು ಜೋಡಿಸುವ ಥ್ರಾಟಲ್ ಶಾಫ್ಟನ್ನು. 1962ರಿಂದ ಇಂಗ್ಲೆಂಡಿನ ಆಬಿಂಗ್ಡನ್‌ನಲ್ಲಿ ತಯಾರಾದ ಈ ಕಾರಿನ 1798 ಸಿಸಿ ಎಂಜಿನ್ನಿಗೆ ಮೊದಲು ಬಂದದ್ದು ಒಂದೂವರೆ ಇಂಚಿನ ಎರಡು ಎಸ್‌ಯು ಎಚ್‌ಎಸ್4 ಕಾರ್ಬ್ಯುರೇಟರ್‌ಗಳು. ಶಾಫ್ಟಿನ ಮೇಲಿರುವ ಎರಡು ಲಿವರ್‌ಗಳ ಪಿನ್‌ಗಳು ಆಯಾ ಕಾರ್ಬ್ಯುರೇಟರಿನ ಫೋರ್ಕಿನೊಳಗೆ ಆಡುತ್ತವೆ. ಆಕ್ಸಿಲರೇಟರ್ ಪೆಡಲ್ ಬಿಟ್ಟಾಗ ಪಿನ್ ಫೋರ್ಕನ್ನು ಮುಟ್ಟಬಾರದು, ನಡುವೆ ಚೂರು ಸಡಿಲ (ಪ್ಲೇ) ಇರಬೇಕು. ಮುಟ್ಟಿದರೆ ಬಟರ್‌ಫ್ಲೈ (ಗಾಳಿಯ ದಾರಿ ತೆರೆದು ಮುಚ್ಚುವ ತಟ್ಟೆ) ನಿಂತಿರುವುದು ಐಡಲ್ ಸ್ಕ್ರೂ ಮೇಲಲ್ಲ, ಲಿಂಕೇಜ್ ಮೇಲೆ. ಆಮೇಲೆ ಸ್ಕ್ರೂ ಎಷ್ಟು ತಿರುಗಿಸಿದರೂ ಅಷ್ಟೇ.

ವಾಲ್ವ್ ಕ್ಲಿಯರೆನ್ಸ್, ಇಗ್ನಿಷನ್ ಟೈಮಿಂಗ್ ಮೊದಲೇ ಸರಿ ಇರಲಿ. ಬಟರ್‌ಫ್ಲೈ ಕೂತಿರುವ ಕಡ್ಡಿಯನ್ನು, ಅಂದರೆ ಥ್ರಾಟಲ್ ಸ್ಪಿಂಡಲ್ಲನ್ನು, ಬೆರಳಲ್ಲಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಲಟಲಟ ಎಂದರೆ ಅಲ್ಲಿಂದ ಗಾಳಿ ಒಳಗೆ ಹೋಗುತ್ತಿದೆ, ಆ ಸವೆತ ತೆಗೆಯದೆ ಟ್ಯೂನಿಂಗ್ ನಿಲ್ಲದು. ಪೆಟ್ರೋಲ್ ಚಿಮುಕಿಸಿ ಪರೀಕ್ಷಿಸುವ ಅಭ್ಯಾಸ ಬೇಡ, ಈ ಎಂಜಿನ್ನಿನಲ್ಲಿ ಕಾರ್ಬ್ಯುರೇಟರ್ ಕೆಳಗೇ ಎಗ್ಸಾಸ್ಟ್ ಇದೆ.

ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಏರ್ ಕ್ಲೀನರ್ ಬಿಚ್ಚಿ, ಥ್ರಾಟಲ್ ಶಾಫ್ಟ್ ಲಿವರ್‌ಗಳ ಕ್ಲಾಂಪ್ ಬೋಲ್ಟ್‌ಗಳನ್ನೂ ಚೋಕ್ ಜೋಡಣೆಯ ಬೋಲ್ಟ್‌ಗಳನ್ನೂ ಸಡಿಲಿಸಿ. ಚೋಕ್ ಎಳೆದಾಗ ಐಡಲ್ ಏರಿಸುವ ಫಾಸ್ಟ್ ಐಡಲ್ ಸ್ಕ್ರೂಗಳು ಚೋಕಿನ ಕ್ಯಾಮ್ ಮುಟ್ಟದಂತೆ ಹಿಂದಕ್ಕೆ ಬರಲಿ. ಈಗ ಎರಡು ಕಾರ್ಬ್ಯುರೇಟರ್‌ಗಳೂ ಸ್ವತಂತ್ರ. ಒಂದು ರಬ್ಬರ್ ಟ್ಯೂಬಿನ ತುದಿ ಕಿವಿಗೆ, ಇನ್ನೊಂದು ತುದಿ ಕಾರ್ಬ್ಯುರೇಟರ್ ಬಾಯಿಗೆ ಹಿಡಿದು ಎರಡರ 'ಹಿಸ್' ಸದ್ದು ಒಂದೇ ಆಗುವ ತನಕ ಐಡಲ್ ಸ್ಕ್ರೂಗಳನ್ನು ಚೂರುಚೂರೇ ತಿರುಗಿಸಿ. ಏರ್ ಫ್ಲೋ ಮೀಟರ್ ಇದ್ದರೆ ಇನ್ನೂ ಒಳ್ಳೆಯದು. ಮಿಕ್ಸ್ಚರ್ ಹೊಂದಿಸುವುದು ಇದಾದ ಮೇಲೆ, ಸಲಕ್ಕೆ ನಟ್ಟಿನ ಒಂದು ಮುಖದಷ್ಟು. ಮಿಕ್ಸ್ಚರ್ ಬದಲಾದರೆ ಐಡಲ್ಲೂ ಬದಲಾಗುತ್ತದೆ, ಸದ್ದನ್ನು ಮತ್ತೆ ನೋಡಿ.

ಇನ್ನು ಲಿಂಕೇಜ್. ಎಂಜಿನ್ ಆರಿಸಿ, ಥ್ರಾಟಲ್ ಶಾಫ್ಟಿನ ಸ್ಟಾಪ್ ಮತ್ತು ಹೀಟ್ ಶೀಲ್ಡ್ ನಡುವೆ 0.012 ಇಂಚಿನ, ಅಂದರೆ ಸುಮಾರು 0.3 ಮಿಮೀ ಫೀಲರ್ ಗೇಜ್ (ಸಂದು ಅಳೆಯುವ ತೆಳು ಲೋಹದ ಪಟ್ಟಿ) ತೂರಿಸಿ. ಒಂದು ಲಿವರನ್ನು ಕೆಳಗೆ ಇಳಿಸುತ್ತಾ ಬನ್ನಿ. ಪಿನ್ ಫೋರ್ಕಿನ ಕೆಳಗಿನ ಕಾಲಿಗೆ ಬರೀ ತಾಗಿದ ಕೂಡಲೇ ನಿಲ್ಲಿಸಿ ಬೋಲ್ಟ್ ಬಿಗಿ ಮಾಡಿ. ಒತ್ತಬೇಡಿ, ಒತ್ತಿದರೆ ಬಟರ್‌ಫ್ಲೈ ಆಗಲೇ ತೆರೆದಿರುತ್ತದೆ. ಇನ್ನೊಂದಕ್ಕೂ ಹೀಗೇ. ಸ್ಪ್ಯಾನರ್ ಬಿಗಿಯುವಾಗ ಲಿವರ್ ತಾನೂ ತಿರುಗಿಬಿಡುವುದು ಸಾಮಾನ್ಯ, ಇನ್ನೊಂದು ಕೈಯಿಂದ ಹಿಡಿದಿರಿ. ಗೇಜ್ ತೆಗೆದ ಮೇಲೆ ಎರಡೂ ಪಿನ್‌ಗಳಿಗೆ ಒಂದೇ ಅಳತೆಯ ಪ್ಲೇ ಉಳಿಯುತ್ತದೆ. ಒಂದಕ್ಕೆ ಹೆಚ್ಚು, ಒಂದಕ್ಕೆ ಕಮ್ಮಿ ಆದರೆ ಒಂದು ಕಾರ್ಬ್ಯುರೇಟರ್ ಮೊದಲು ತೆರೆದು, ನಿಧಾನ ಟ್ರಾಫಿಕ್ಕಿನಲ್ಲಿ ಗಾಡಿ ಜಗ್ಗುತ್ತದೆ.

ಸುಮಾರು 1500 ಆರ್‌ಪಿಎಮ್‌ಗೆ ರೇಸ್ ಮಾಡಿ ಸದ್ದು ಮತ್ತೊಮ್ಮೆ ಕೇಳಿ. ಐಡಲ್‌ನಲ್ಲಿ ಸಮ, ಇಲ್ಲಿ ಅಸಮ ಎಂದಾದರೆ ತಪ್ಪು ಲಿವರಿನಲ್ಲಿದೆ, ಐಡಲ್ ಸ್ಕ್ರೂ ಮುಟ್ಟಬೇಡಿ.

ಕೇಬಲ್ಲಿಗೂ ಕೊಂಚ ಸಡಿಲ ಬೇಕು, ಇಲ್ಲದಿದ್ದರೆ ಅದೇ ಶಾಫ್ಟನ್ನು ಎಳೆದು ಹಿಡಿದು ಮಾಡಿದ ಕೆಲಸವೆಲ್ಲ ಹಾಳು. ಕೊನೆಗೆ ಒಬ್ಬರು ಪೆಡಲ್ ಪೂರ್ತಿ ತುಳಿಯಲಿ, ನೀವು ಕಾರ್ಬ್ಯುರೇಟರಿನೊಳಗಿನ ಪಿಸ್ಟನ್ ಎತ್ತಿ ಬಟರ್‌ಫ್ಲೈ ಪೂರ್ತಿ ತೆರೆದಿದೆಯೇ ನೋಡಿ. ತೆರೆಯದಿದ್ದರೆ ಕೇಬಲ್ ಬಿಚ್ಚುವ ಮೊದಲು ಪೆಡಲ್ ಕೆಳಗಿನ ಮ್ಯಾಟ್ ಎತ್ತಿ ನೋಡಿ.